ಪಾದಕ್ಕೆ ಒಗ್ಗುವ ಅಟ್ಟೆ

ಕೊಲ್ಹಾಪುರಿ ಎಂಬ ಹೆಸರು ಮಹಾರಾಷ್ಟ್ರದ್ದಾದರೂ ಆ ಚಪ್ಪಲಿ ನಮ್ಮದೂ ಹೌದು. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆ ಅಲ್ಲಿನ ನಾಲ್ಕು ಜಿಲ್ಲೆಗಳ ಜೊತೆ ಬಾಗಲಕೋಟೆ, ಬೆಳಗಾವಿ, ವಿಜಯಪುರ, ಧಾರವಾಡಗಳಿಗೂ ಸಂದಿದೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ಚರ್ಮ. ಅಟ್ಟೆಯ ಪದರಗಳನ್ನು ಹಿಡಿದಿರುವುದು ಮೊಳೆಯಲ್ಲ, ಹೊಲಿಗೆ. ಹೊಸದರಲ್ಲಿ ಬಿರುಸು, ಕಚ್ಚುತ್ತದೆ. ಮೆಟ್ಟುತ್ತ ಹೋದಂತೆ ಹಿಮ್ಮಡಿಯ ಗುಳಿ, ಐದು ಬೆರಳುಗಳ ಅಚ್ಚು ಅದರ ಮೇಲೆ ಮೂಡುತ್ತವೆ. ನಡೆಯುವಾಗ ಬೆರಳು ಹರಡಿ ನೆಲ ಒತ್ತಬೇಕು. ಮೊನಚು ಮೂತಿಯ ಬೂಟು ಅವನ್ನು ಅಮುಕಿಡುತ್ತದೆ, ಈ ಚಪ್ಪಲಿ ಹರಡಲು ಬಿಡುತ್ತದೆ. ನಾನು ಮೆಚ್ಚುವುದು ಈ ಗುಣವನ್ನೇ.

ಅಟ್ಟೆ ಚಪ್ಪಟೆ, ಅಂಗಾಲಿನ ಕಮಾನಿಗೆ ಆಸರೆಯಿಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಒದ್ದೆ ಪಾದವನ್ನು ಒಣ ಬಂಡೆಯ ಮೇಲೆ ಊರಿ ನೋಡಿ: ಅಂಗಾಲು ಪೂರ್ತಿ ಮೂಡಿದರೆ ಕಮಾನು ತಗ್ಗು. ಹಳೆಯ ಚಪ್ಪಲಿಯ ಒಳ ಅಂಚು ಹೆಚ್ಚು ಸವೆದಿದ್ದರೆ ಪಾದ ಒಳಕ್ಕೆ ವಾಲುತ್ತಿರಬಹುದು. ಜೊತೆಗೆ ನೋವೂ ಇದ್ದರೆ ವೈದ್ಯರಿಗೆ ತೋರಿಸಿ ಆಸರೆಯುಳ್ಳ ಬೂಟು ಕೊಳ್ಳುವುದೇ ಸರಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಈ ಚಪ್ಪಲಿ ಬೇಡ; ಉಂಗುಟ ಉಜ್ಜಿ ಗಾಯವಾದರೂ ತಿಳಿಯದು. ಬಾದಾಮಿ ಗುಹೆಗಳ ಮೆಟ್ಟಿಲಿಗೂ ಹಿಮ್ಮಡಿ ಹಿಡಿದಿಡುವ ಬೂಟೇ ಮೇಲು. ಆದರೆ ನೋವಿಲ್ಲದ ಪಾದಕ್ಕೆ, ಇಳಕಲ್ಲಿನ ಪೇಟೆಗೋ ಹುನಗುಂದದ ಬಿಸಿಲ ಬೀದಿಗೋ, ಗಾಳಿಯಾಡುವ ಈ ಚರ್ಮ ಹಿತ. ಸಂಜೆ ಹೊತ್ತು ಕೊಳ್ಳಿ. ಆಗ ಪಾದ ತುಸು ಊದಿರುತ್ತದೆ.