ಜೂನ್ 1ರಂದು ಹುಟ್ಟಿದವರ ಕಾಲೇಜು

ನಮ್ಮಲ್ಲಿ ಕಾಲೇಜಿನ ಚರಿತ್ರೆ ಬರುವುದು ಹೆಚ್ಚಾಗಿ ಸ್ಮರಣ ಸಂಚಿಕೆಯ ರೂಪದಲ್ಲಿ. ಮೊದಲು ಗಣ್ಯರ ಸಂದೇಶ, ಆಮೇಲೆ ಸಂಸ್ಥಾಪಕರ ಭಾವಚಿತ್ರ, ಪ್ರಾಚಾರ್ಯರ ಪಟ್ಟಿ, ಕೊನೆಗೆ ನಿವೃತ್ತರ ನೆನಪುಗಳು. ಓದಿ ಮುಗಿಸಿದರೆ ಕಾಲೇಜನ್ನು ಯಾರು ಆಳಿದರು ಎಂಬುದು ತಿಳಿಯುತ್ತದೆ. ಅಲ್ಲಿ ಯಾರು ಓದಿದರು, ಯಾರು ನಡುವೆಯೇ ಬಿಟ್ಟುಹೋದರು ಎಂಬುದು ತಿಳಿಯುವುದಿಲ್ಲ. ರಾಜರ ವಂಶಾವಳಿ ಬರೆಯುವ ಹಳೆಯ ಚಾಳಿಯೇ ಇದು. ರಾಜರ ಜಾಗಕ್ಕೆ ಪ್ರಿನ್ಸಿಪಾಲರು ಬಂದಿದ್ದಾರೆ, ಅಷ್ಟೇ.

ಧಾರವಾಡದ ಕರ್ನಾಟಕ ಕಾಲೇಜನ್ನೇ ನೋಡಿ. ಅದು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಈ ಭಾಗದ ಹುಡುಗರು ಪದವಿಗೆಂದು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಆಲೂರು ವೆಂಕಟರಾಯರು ಹೋದದ್ದು ಫರ್ಗ್ಯುಸನ್ ಕಾಲೇಜಿಗೆ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದೂ ಅಲ್ಲೇ. ಕನ್ನಡದ ಕೆಲಸ ಮಾಡಬೇಕಾದವರೆಲ್ಲ ಮರಾಠಿ ಊರಿನಲ್ಲಿ ಓದಿ ಬಂದ ಕಾಲ ಅದು. ಧಾರವಾಡಕ್ಕೊಂದು ಕಾಲೇಜು ಬೇಕೆಂದು ಓಡಾಡಿ ಹಣ ಕೂಡಿಸಿದವರಲ್ಲಿ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಖ್ಯರು. ಈ ಎರಡು ಹೆಸರುಗಳನ್ನು ನಾವು ಮರೆತಿಲ್ಲ, ಮರೆಯಬಾರದು ಕೂಡ. ಆದರೆ 'ಹಣ ಕೂಡಿಸಿದರು' ಎಂಬ ವಾಕ್ಯದಲ್ಲಿ ಕೂಡಿಸಿದವರಿದ್ದಾರೆ, ಕೊಟ್ಟವರಿಲ್ಲ. ವರ್ಗಣಿ ಎಂದ ಮೇಲೆ ಅದಕ್ಕೊಂದು ಯಾದಿ ಇರುತ್ತದೆ. ಚರಿತ್ರೆ ಬರೆಯುವವನು ಭಾವಚಿತ್ರದ ಎದುರು ಕೈಮುಗಿದು ನಿಲ್ಲುವ ಬದಲು ಆ ಯಾದಿಯ ಬೆನ್ನು ಹತ್ತಬೇಕು.

ಬೆನ್ನು ಹತ್ತುವುದೆಂದರೆ ಎಲ್ಲಿಗೆ ಹೋಗುವುದು? ಈ ಕಾಲೇಜಿನ ಕಾಗದಪತ್ರಗಳಿಗೆ ಒಂದೇ ಮನೆ ಇಲ್ಲ. ಅದರ ಮುಖ್ಯ ಕಟ್ಟಡವೇ ಮೂಲತಃ ಕಾಲೇಜಿನದಲ್ಲ, ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯದು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಕೂಡಿತು, ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು, ಕಟ್ಟಡ ಉಳಿಯಿತು. ಅಂದರೆ ಕಟ್ಟಡದ ಪೂರ್ವಕಥೆ ರೈಲ್ವೆ ದಾಖಲೆಗಳ ವಿಷಯ. ಕಾಲೇಜು ಮುಂಬಯಿ ಸರ್ಕಾರದ್ದು, ಪರೀಕ್ಷೆ ಮುಂಬಯಿ ವಿಶ್ವವಿದ್ಯಾಲಯದ್ದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದೂ ಮುಂಬಯಿಯಲ್ಲೇ. ಧಾರವಾಡಕ್ಕೆ ಬಂದದ್ದು ಆಮೇಲೆ. ಸರ್ಕಾರಿ ಕಾಲೇಜು ಮುಂದೆ ಅದರ ಘಟಕ ಕಾಲೇಜಾಯಿತು. 1956ರ ನವೆಂಬರ್ 1ಕ್ಕೆ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿ ಸಚಿವಾಲಯದ ಹಳೆಯ ಶಿಕ್ಷಣ ಇಲಾಖೆಯ ಕಡತಗಳಿಗಾಗಿ ಇಂದಿಗೂ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದ ಬಾಗಿಲನ್ನೇ ತಟ್ಟಬೇಕು. ಧಾರವಾಡದ ಕಾಲೇಜಿನ ಬಗ್ಗೆ ಪಿಎಚ್.ಡಿ. ಮಾಡುವವನಿಗೆ ಮುಂಬಯಿಯಲ್ಲಿ ಮೂರು ತಿಂಗಳು ಇರುವ ಖರ್ಚನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯೂ ಈ ಚರಿತ್ರೆಯದೇ ಭಾಗ.

ಊರಿನ ಹೆಸರುಗಳೂ ಹುಷಾರಿ ಬೇಡುತ್ತವೆ. ಈಗ ಕುಂದಗೋಳ ಧಾರವಾಡ ಜಿಲ್ಲೆಯ ತಾಲ್ಲೂಕು. ಆಗ ಅದು ಜಮಖಂಡಿ ಸಂಸ್ಥಾನದ್ದು. ವಿ.ಕೃ. ಗೋಕಾಕರ ಸವಣೂರು ನವಾಬರ ಸಂಸ್ಥಾನವಾಗಿತ್ತು. ಅಣ್ಣಿಗೇರಿ ಈಚೆಗಷ್ಟೇ ತಾಲ್ಲೂಕಾಗಿದೆ, ಮೊದಲು ನವಲಗುಂದದೊಳಗಿತ್ತು. ಇತ್ತ 1997ರ ವರೆಗೆ ಗದಗ, ಹಾವೇರಿಗಳೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹೀಗಿರುವಾಗ '1930ರಲ್ಲಿ ಧಾರವಾಡ ಜಿಲ್ಲೆಯಿಂದ ಇಷ್ಟು ವಿದ್ಯಾರ್ಥಿಗಳಿದ್ದರು' ಎಂದು ಎಣಿಸಿ ಕೋಷ್ಟಕ ಹಾಕಿದರೆ, ಅದರಲ್ಲಿ ರಾಣೆಬೆನ್ನೂರಿನ ಹುಡುಗ ಸೇರಿಕೊಳ್ಳುತ್ತಾನೆ, ಪಕ್ಕದ ಕುಂದಗೋಳದವನು ಹೊರಗುಳಿಯುತ್ತಾನೆ. ಕೋಷ್ಟಕ ಸರಿಯಾಗಿಯೇ ಇರುತ್ತದೆ, ಅದು ಹೇಳುವ ಕಥೆ ಮಾತ್ರ ತಪ್ಪಿರುತ್ತದೆ.

ಪ್ರವೇಶ ರಜಿಸ್ಟರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸಂಶೋಧಕರಿಗೆ ಅದು ಚಿನ್ನದ ಗಣಿ ಎನ್ನುತ್ತಾರೆ. ಗಣಿಯೇನೋ ಹೌದು, ಆದರೆ ಅದಿರನ್ನು ಸೋಸಬೇಕು. ಹುಟ್ಟಿದ ತಾರೀಖಿನ ಕಾಲಂ ನೋಡಿ. ನಮ್ಮ ಹಳ್ಳಿಗಳಲ್ಲಿ ಒಂದಿಡೀ ತಲೆಮಾರು ಜೂನ್ 1ರಂದು ಹುಟ್ಟಿದೆ! ಶಾಲೆ ಶುರುವಾಗುವುದು ಜೂನಿನಲ್ಲಿ. ಮಗು ಹುಟ್ಟಿದ್ದು ಯಾವಾಗ ಎಂದು ಮಾಸ್ತರರು ಕೇಳಿದರೆ ಅಪ್ಪನಿಗೆ ಗೊತ್ತಿರುವುದು ಹಬ್ಬ, ಸುಗ್ಗಿ, ಬರ. ಮಾಸ್ತರರು ವಯಸ್ಸು ಅಂದಾಜು ಮಾಡಿ ಜೂನ್ 1 ಎಂದು ಬರೆದರು. ಕಾಲೇಜು ಅದನ್ನೇ ನಕಲು ಮಾಡಿಕೊಂಡಿತು, ನೌಕರಿ, ನಿವೃತ್ತಿ, ಪಿಂಚಣಿ ಎಲ್ಲವೂ ಆ ತಾರೀಖಿನ ಮೇಲೇ ನಡೆದವು. ಆ ಕಾಲಂನಿಂದ ವಿದ್ಯಾರ್ಥಿಯ ವಯಸ್ಸು ತಿಳಿಯುವುದು ಅಷ್ಟಕ್ಕಷ್ಟೆ. ಆದರೆ ಜೂನ್ 1ರವರು ಎಷ್ಟು ಜನ, ನಿಜವಾದ ತಾರೀಖು ಬರೆಸಿದವರು ಎಷ್ಟು ಜನ ಎಂದು ಬೇರೆಮಾಡಿದರೆ, ಜಾತಕ ಬರೆಸುವ ಮನೆಗಳಿಂದ ಬಂದವರು ಯಾರು, ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತವರು ಯಾರು ಎಂಬುದರ ಅಂದಾಜು ಸಿಗುತ್ತದೆ. ದಾಖಲೆಯ ಸುಳ್ಳೂ ದಾಖಲೆಯೇ.

ಕಾಲೇಜು ಬಿಟ್ಟ ಕಾರಣ ಬರೆಯುವ ಕಾಲಂ ಇದಕ್ಕಿಂತ ಬಿಗಿ. ಅದರಲ್ಲಿ ಇರುವುದು ಗುಮಾಸ್ತರಿಗೆ ಒಪ್ಪುವ ಮಾತು. ಮಳೆ ಕೈಕೊಟ್ಟು ಹತ್ತಿ ಬರಲಿಲ್ಲ ಎಂದು ನವಲಗುಂದದ ರೈತ ಮಗನನ್ನು ವಾಪಸು ಕರೆಸಿಕೊಂಡರೆ ಅದು 'ಮನೆಯ ತೊಂದರೆ'. 1942ರಲ್ಲಿ ತರಗತಿ ಬಿಟ್ಟು ಚಳವಳಿಗೆ ಹೋದವನು ಸರ್ಕಾರಿ ಕಾಲೇಜಿನ ಪುಸ್ತಕದಲ್ಲಿ ಬರೀ ಗೈರುಹಾಜರಿ.

ಹಾಗಾದರೆ ಆತ್ಮಕಥೆಗಳನ್ನು ನಂಬೋಣವೇ? ಡಿ.ಸಿ. ಪಾವಟೆಯವರು ಮುಂಬಯಿ ಪ್ರಾಂತದ ಶಿಕ್ಷಣ ನಿರ್ದೇಶಕರಾಗಿದ್ದವರು, 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. 1964ರಲ್ಲಿ ಬಂದ ಅವರ ಇಂಗ್ಲಿಷ್ ನೆನಪುಗಳ ಶೀರ್ಷಿಕೆಯಲ್ಲೇ 'ಆಡಳಿತಗಾರ' ಎಂಬ ಪದವಿದೆ, ಅದು ಪ್ರಾಮಾಣಿಕ ಶೀರ್ಷಿಕೆ. ಅದನ್ನು ಮೇಜಿನ ಆಚೆ ಕೂತವರ ಪುಸ್ತಕವೆಂದೇ ಓದಬೇಕು. ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ' ಮೇಜಿನ ಈಚೆಯದು. 1958ರಲ್ಲಿ ಅವರು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದರೆಂದು ದಾಖಲೆ ಹೇಳುತ್ತದೆ. ಗಣಿತದಲ್ಲಿ ಅಂಕ ಹೆಚ್ಚು ಸಿಗುತ್ತದೆ, ಅದು ವಿದೇಶಕ್ಕೆ ದಾರಿ ಎಂಬ ಲೆಕ್ಕಾಚಾರದಿಂದ ಅದನ್ನು ಆರಿಸಿಕೊಂಡೆ ಎಂಬುದನ್ನು ಅವರೇ ಹೇಳಬೇಕಾಯಿತು. ಶ್ರೀರಂಗರು ಅದೇ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರು. ಹೊಸಗನ್ನಡ ನಾಟಕದ ದಿಕ್ಕು ಬದಲಿಸಿದವರಲ್ಲಿ ಒಬ್ಬರು. ಅವರ ಸೇವಾ ಪುಸ್ತಕದಲ್ಲಿ ರಜೆಯ ಲೆಕ್ಕ ಸಿಗಬಹುದು, ನಾಟಕ ಸಿಗುವುದಿಲ್ಲ. ಇಷ್ಟಾದರೂ ಆತ್ಮಕಥೆ ಬರೆದವರು ಗೆದ್ದವರು. ಪಿ.ಯು.ದಲ್ಲೇ ನಪಾಸಾಗಿ ಕಲಘಟಗಿಗೆ ಮರಳಿದವನು ಆತ್ಮಕಥೆ ಬರೆಯಲಿಲ್ಲ. ಅವನ ಹೆಸರು ಉಳಿದಿರುವುದು ರಜಿಸ್ಟರಿನಲ್ಲಿ ಮಾತ್ರ, ಒಂದೇ ಸಾಲಿನಲ್ಲಿ. ಆ ಒಂದು ಸಾಲಿಗಾಗಿಯೇ ರಜಿಸ್ಟರ್ ಉಳಿಯಬೇಕೆನ್ನುವುದು.

ಯಾವ ಪತ್ರಾಗಾರದಲ್ಲೂ ಇಲ್ಲದ್ದು ಊಟದ ಚರಿತ್ರೆ. ವಾರಾನ್ನ ಉಂಡು ಓದಿದವರು, ಮುರುಘಾಮಠದ ಪ್ರಸಾದ ನಿಲಯದಲ್ಲಿ ಇದ್ದವರು, ಖೋಲಿ ಹಿಡಿದು ಊರಿನ ಬುತ್ತಿಗೆ ಕಾದವರು: ಕಾಲೇಜು ನಡೆದದ್ದು ಇವರಿಂದ. ಬಸ್ಸು ಬಂದ ಮೇಲೆ ಅಮ್ಮ ಕಟ್ಟಿದ ರೊಟ್ಟಿ, ಪಲ್ಯ, ಹಿಂಡಿಯ ಡಬ್ಬಿ ಕಂಡಕ್ಟರನ ಕೈಯಲ್ಲಿ ಧಾರವಾಡಕ್ಕೆ ಬರುತ್ತಿತ್ತು, ಖಾಲಿ ಡಬ್ಬಿ ಸಂಜೆ ಊರಿಗೆ ಹೋಗುತ್ತಿತ್ತು. ಅಣ್ಣಿಗೇರಿ, ಕುಂದಗೋಳಗಳಿಗೆ ರೈಲು ಇತ್ತು. ನವಲಗುಂದ, ಕಲಘಟಗಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ರೈಲಿದ್ದ ಊರಿನಿಂದ ಎಷ್ಟು ಜನ ಓದಲು ಬಂದರು, ಇಲ್ಲದ ಊರಿನಿಂದ ಎಷ್ಟು ಎಂದು ಯಾರಾದರೂ ರಜಿಸ್ಟರ್ ಹಿಡಿದು ಕೂತರೆ, ರೈಲ್ವೆ ಕಚೇರಿಯ ಕಟ್ಟಡದಲ್ಲಿ ನಡೆದ ಕಾಲೇಜಿಗೆ ಅದು ತಕ್ಕ ಚರಿತ್ರೆಯಾದೀತು.

ಆದರೆ ಕೂರುವ ಹೊತ್ತಿಗೆ ಏನು ಉಳಿದಿರುತ್ತದೆ? ಕಚೇರಿಗಳಲ್ಲಿ ಕಡತಗಳನ್ನು ಅವಧಿ ನೋಡಿ ವಿಲೇವಾರಿ ಮಾಡುತ್ತಾರೆ. ಮುಖ್ಯ ರಜಿಸ್ಟರನ್ನು ಕಾಯ್ದಿಡುತ್ತಾರೆ, ಅರ್ಜಿಗಳನ್ನು ರದ್ದಿಗೆ ಹಾಕುತ್ತಾರೆ. ಶುಲ್ಕ ಮಾಫಿ ಬೇಡಿ ಹುಡುಗರು ಕೈಯಾರೆ ಬರೆದ ಮನವಿ, ಅಪ್ಪನ ಹೆಬ್ಬೆಟ್ಟಿನ ಗುರುತು ಇರುವುದು ಅರ್ಜಿಯಲ್ಲಿ. ಮೊದಲು ಗುಜರಿಗೆ ಹೋಗುವುದೂ ಅದೇ. ಹಾಗಾಗಿ ಈ ಕೆಲಸವನ್ನು ಧಾರವಾಡದಿಂದಲೇ ಶುರು ಮಾಡಬೇಕೆಂದಿಲ್ಲ. ನವಲಗುಂದ, ಅಣ್ಣಿಗೇರಿಗಳ ಹಳೆಯ ಗಂಡುಮಕ್ಕಳ ಶಾಲೆ, ಹೆಣ್ಣುಮಕ್ಕಳ ಶಾಲೆಗಳ ಜನರಲ್ ರಜಿಸ್ಟರುಗಳು ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಇರುತ್ತವೆ. ಹತ್ತಿರದ ಪದವಿ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಅನುಮತಿ ಪಡೆದು, ಒಂದು ಮೊಬೈಲು ಹಿಡಿದು, ಗೆದ್ದಲು ತಿಂದ ಪುಟಗಳಿಂದ ಶುರು ಮಾಡಬಹುದು.