ಮಲಿನಜಲದ ಸಾಕ್ಷ್ಯವೂ ಊರವರ ಹೊಣೆಯೂ

ಒಂದು ಊರಿನ ಜನ ಯಾವ ಮದ್ದನ್ನು, ಯಾವ ಮಾದಕವನ್ನು ಸೇವಿಸುತ್ತಿರುವರೆಂಬುದನ್ನು ಅವರ ಬಾಯಿಂದ ಕೇಳದೆ, ಮಲಿನಜಲದಲ್ಲಿ ಉಳಿದ ರಾಸಾಯನಿಕ ಶೇಷದಿಂದಲೇ ಅರಿಯಬಹುದೆಂಬ ವಿಚಾರವನ್ನು 2001ರಲ್ಲಿ ಡಾಟನ್ ಎಂಬ ವಿಜ್ಞಾನಿ ಮುಂದಿಟ್ಟರು. 2005ರಲ್ಲಿ ಇಟಲಿಯ ಸಂಶೋಧಕರು ಪೋ ನದಿಯಲ್ಲಿ ಕೊಕೇನಿನ ಶೇಷವನ್ನು ಅಳೆದು ಅದನ್ನು ಕಾರ್ಯರೂಪಕ್ಕೆ ತಂದರು. 2018ರಲ್ಲಿ ಅಮೆರಿಕದ ಕ್ಯಾರಿ ಎಂಬ ಪಟ್ಟಣವು ಇದೇ ಕ್ರಮವನ್ನು ಅಫೀಮುವರ್ಗದ ಮದ್ದುಗಳಿಗೆ ಅನ್ವಯಿಸಿತು. ನಮ್ಮ ಬೆಂಗಳೂರಿನಲ್ಲಿಯೂ 28 ಕಡೆಗಳ ಕೊಳಚೆನೀರನ್ನು ಪರೀಕ್ಷಿಸಿ ಕೋವಿಡ್ ರೋಗದ ಏರಿಳಿತವನ್ನು ಗ್ರಹಿಸಿದ್ದುಂಟು.

ಈ ಕ್ರಮದ ಹಿರಿಮೆ ಇರುವುದು ಯಾರ ಹೆಸರನ್ನೂ ಕೇಳದೆ ಸಮಷ್ಟಿಯ ಸ್ಥಿತಿಯನ್ನು ತಿಳಿಸುವುದರಲ್ಲಿ. ದೇಶದಲ್ಲಿ ಶೇಕಡಾ 2ರಷ್ಟು ಜನ ಅಫೀಮುವರ್ಗದ ಪದಾರ್ಥಗಳನ್ನು ಬಳಸುವರೆಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಆದರೆ ಅದು ನಮ್ಮ ಬಂಟ್ವಾಳದಂತಹ ಒಂದು ಪೇಟೆಯ ವಿಷಯವನ್ನು ಹೇಳಲಾರದು. ನೀರು ಹೇಳೀತು. ಆದರೂ ನಮ್ಮ ಪೇಟೆಗಳಿಗೆ ಇದನ್ನು ಹೊಂದಿಸಹೊರಟಾಗ ಒಂದು ಗುರುತರವಾದ ತೊಡಕು ಎದುರಾಗುತ್ತದೆ. ಇಲ್ಲಿ ಬಹುಪಾಲು ಮನೆಗಳ ನೀರು ಒಳಚರಂಡಿಯನ್ನು ಸೇರದೆ ಅಂಗಳದ ಹಿಂದಿನ ಇಂಗುಗುಂಡಿಯಲ್ಲಿಯೇ ಕೊನೆಗಾಣುವುದರಿಂದ, ಮಾದರಿ ತೆಗೆಯುವವರ ಕೈಗೆ ಸುಲಭವಾಗಿ ಸಿಕ್ಕುವುದು ಮೂಡುಬಿದಿರೆಯಂತಹ ವಿದ್ಯಾಕೇಂದ್ರದ ವಸತಿನಿಲಯಗಳ ನೀರು ಮಾತ್ರ. ಸಹಸ್ರಾರು ಜನರ ನೀರಿನಿಂದ ಬಂದ ಅಂಕಿ ಜ್ಞಾನವೆನಿಸಿದರೆ, ಒಂದೇ ನಿಲಯದ ಕೆಲವು ನೂರು ಹುಡುಗರ ನೀರಿನಿಂದ ಬಂದ ಅಂಕಿ ಆರೋಪಪಟ್ಟಿಯಾಗಿಬಿಡುತ್ತದೆ. ಹಾಗೆ ಒಂದೇ ನಿಲಯದ ಅಂಕಿ ತೆಗೆಯುವುದನ್ನು ನಾನು ಒಪ್ಪಲಾರೆ.

ಮತ್ತೊಂದು ದೋಷವುಂಟು. ವೈದ್ಯರ ಚೀಟಿಯಂತೆ ನುಂಗಿದ ಟ್ರಮಡಾಲ್ ಎಂಬ ಅಫೀಮುವರ್ಗದ ನೋವುನಿವಾರಕಕ್ಕೂ ಕದ್ದು ನುಂಗಿದ ಟ್ರಮಡಾಲಿಗೂ ನೀರು ಭೇದವೆಣಿಸದು. ಈ ಮದ್ದನ್ನು 2018ರಲ್ಲಿ ಮಾದಕದ್ರವ್ಯಗಳ ಕಾಯಿದೆಯ ವ್ಯಾಪ್ತಿಗೆ ತಂದದ್ದು ಸರಿಯೇ. ಆದರೆ ಅದೇ ಕಾಯಿದೆಯನ್ನು 2014ರಲ್ಲಿ ತಿದ್ದಿ ಕ್ಯಾನ್ಸರಿನ ನೋವುಣ್ಣುವವರಿಗೆ ಮಾರ್ಫಿನ್ ಸುಲಭವಾಗಿ ದೊರಕುವಂತೆ ಮಾಡಿದ್ದನ್ನು ಮರೆತು, ಅಂಕಿ ಏರಿತೆಂದು ಔಷಧದಂಗಡಿಗಳನ್ನು ಹೆದರಿಸಹೊರಟರೆ ಮೊದಲು ನರಳುವವನು ಆ ರೋಗಿ.

ಆದುದರಿಂದ ಅಂಕಿಯನ್ನು ಅರ್ಥೈಸುವವರು ಯಾರೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಬೆಳ್ತಂಗಡಿಯ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ನಡೆಸಿಕೊಂಡು ಬಂದ ಮದ್ಯವರ್ಜನ ಶಿಬಿರಗಳು ಇದಕ್ಕೆ ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿವೆ. ಕುಡಿತ ಬಿಟ್ಟವನನ್ನು ಶಿಬಿರದ ಅನಂತರವೂ ಕೈಬಿಡದೆ, ನವಜೀವನ ಸಮಿತಿಯೆಂಬ ಕೂಟದಲ್ಲಿ ಅವನಂತೆಯೇ ಬಿಟ್ಟವರ ನಡುವೆ ಕೂರಿಸುವ ಆ ವಿಧಾನದಲ್ಲಿ, ಅವಮಾನವಿಲ್ಲದೆ ಎಚ್ಚರವನ್ನು ಕಾಯುವ ವಿವೇಕವಿದೆ. ಶಿಬಿರಕ್ಕೆ ಬಂದವನನ್ನಷ್ಟೇ ಅದು ಬಲ್ಲುದು, ಗುಟ್ಟಾಗಿ ಮಾತ್ರೆ ನುಂಗುವ ತರುಣನು ಅದರ ಕಣ್ಣಿಗೆ ಬೀಳನೆಂಬುದು ಅದರ ಮಿತಿ. ಆ ಕೊರತೆಯನ್ನು ತುಂಬುವುದೇ ನೀರಿನ ಪರೀಕ್ಷೆಯ ನಿಜವಾದ ಉಪಯೋಗ. ಆದರೆ ಮಾದರಿಯನ್ನು ಎಲ್ಲಿ ತೆಗೆಯಬೇಕೆಂಬುದನ್ನು ಇಂತಹ ಸಮಿತಿಗಳೂ ಆಶಾ ಕಾರ್ಯಕರ್ತೆಯರೂ ಕೂಡಿ ತೀರ್ಮಾನಿಸತಕ್ಕದ್ದು. ಇಡೀ ಪೇಟೆಗಿಂತ ಕಿರಿದಾದ ಯಾವ ಘಟಕದ ಫಲಿತವನ್ನೂ ಪ್ರಕಟಿಸಕೂಡದು. ಬಂದ ಫಲಿತವು ಠಾಣೆಗೆ ಹೋಗುವ ಮೊದಲು ತಾಲೂಕು ಆಸ್ಪತ್ರೆಯ ವೈದ್ಯರ ಮೇಜನ್ನು ಸೇರತಕ್ಕದ್ದು. ಇಷ್ಟಕ್ಕೆ ಸಿದ್ಧವಿಲ್ಲದ ಪುರಸಭೆಯು ಪರೀಕ್ಷೆಯನ್ನು ಆರಂಭಿಸದಿರುವುದೇ ಲೇಸು.