ಪಂಚತಂತ್ರದ ಮುಂಗುಸಿ

ಪಂಚತಂತ್ರದ ಕರಟಕ ದಮನಕರ ಹೆಸರುಗಳು ನಮ್ಮ ಮಕ್ಕಳಿಗೂ ಬಾಯಿಪಾಠವಾಗಿರುವುವು. ಸಿಂಹಕ್ಕೆ ಪಿಂಗಲಕನೆಂದೂ ಎತ್ತಿಗೆ ಸಂಜೀವಕನೆಂದೂ ಹೆಸರಿಟ್ಟ ಕಥಾಕಾರನು ಬ್ರಾಹ್ಮಣನ ಮನೆಯಲ್ಲಿ ಬೆಳೆದ ಮುಂಗುಸಿಗೆ ಮಾತ್ರ ಹೆಸರಿಡಲಿಲ್ಲ, ಮಾತನ್ನೂ ಕೊಡಲಿಲ್ಲ. ನೀತಿಗ್ರಂಥದ ನರಿ ಕಾಗೆಗಳೆಲ್ಲ ಶಾಸ್ತ್ರವನ್ನು ಉದಾಹರಿಸಿ ವಾದಿಸುತ್ತಿರಲು, ಇದೊಂದು ಪ್ರಾಣಿಯು ಮೂಕವಾಗಿ ಬಂದು ಮೂಕವಾಗಿಯೇ ಸಾಯುತ್ತದೆ. ಮನುಷ್ಯರು ಪಾತ್ರಗಳಾಗಿರುವ ಕಥೆಯಲ್ಲಿ ಪ್ರಾಣಿಗಳು ಮಾತನಾಡುವುದಿಲ್ಲವೆಂದು ಇದಕ್ಕೆ ಸಮಾಧಾನ ಹೇಳಲಾಗದು. ಹಿತೋಪದೇಶದ ಮುದಿಹುಲಿಯು ಚಿನ್ನದ ಬಳೆಯನ್ನು ತೋರಿಸಿ ದಾರಿಹೋಕನೊಡನೆ ಸೊಗಸಾಗಿಯೇ ಸಂಭಾಷಿಸುತ್ತದೆ. ಆದುದರಿಂದ ಮುಂಗುಸಿಯ ಮೌನವು ಬುದ್ಧಿಪೂರ್ವಕವಾದುದೆಂದೇ ನನ್ನ ಅಭಿಪ್ರಾಯ. ಅದು ಒಂದು ಮಾತನ್ನಾಡಿದ್ದರೆ ಬದುಕುತ್ತಿತ್ತು, ಕಥೆಯು ಸಾಯುತ್ತಿತ್ತು.

ಕಥೆಯು ಸರ್ವವಿದಿತವಾದರೂ ಪಾಠಭೇದಗಳನ್ನು ಎದುರುಬದುರಾಗಿಟ್ಟು ನೋಡಿದವರು ವಿರಳ. ಕ್ರಿ. ಶ. 1199ರಲ್ಲಿ ಪೂರ್ಣಭದ್ರನು ಪರಿಷ್ಕರಿಸಿದ ಪಾಠದಲ್ಲಿ ಮುಂಗುಸಿಯನ್ನು ಕೊಲ್ಲುವವಳು ಗೃಹಿಣಿ. ಅವಳು ಅದನ್ನು ಮಗನಂತೆ ಸಾಕಿದವಳೇ ಆದರೂ, ಜಾತಿಸ್ವಭಾವದಿಂದ ಎಂದಾದರೂ ಕೂಸಿಗೆ ಕೇಡು ಮಾಡೀತೆಂಬ ಶಂಕೆಯು ಅವಳಿಗೆ ಮೊದಲಿನಿಂದಲೂ ಇರುತ್ತದೆ. ಗಂಡನನ್ನು ಕಾವಲಿಟ್ಟು ನೀರಿಗೆ ಹೋಗುತ್ತಾಳೆ. ಅವನೋ ಭಿಕ್ಷೆಯ ಆಸೆಯಿಂದ ಮನೆಯನ್ನು ಬರಿದುಮಾಡಿ ಹೊರಡುತ್ತಾನೆ. ಹಾವನ್ನು ತುಂಡರಿಸಿದ ಮುಂಗುಸಿಯು ತಾನು ಮಾಡಿದ ಕೆಲಸವನ್ನು ತೋರಿಸುವುದಕ್ಕೆಂದು ರಕ್ತಸಿಕ್ತವಾದ ಮುಖದಿಂದ ತಾಯಿಗೆ ಇದಿರಾಗಿ ಬರುತ್ತದೆ. ಅವಳು ನೀರಿನ ಕೊಡವನ್ನೇ ಅದರ ಮೇಲೆ ಎತ್ತಿಹಾಕುತ್ತಾಳೆ. ಇಲ್ಲಿ ಕೊಂದವಳು ಪೂರ್ಣವಾಗಿ ನಂಬಿರಲಿಲ್ಲ. ಅವಳ ಮನಸ್ಸಿನಲ್ಲಿ ತೀರ್ಪು ಮೊದಲೇ ಆಗಿತ್ತು, ರಕ್ತವು ಸಾಕ್ಷಿಯಾಗಿ ಒದಗಿತು.

ನಾರಾಯಣಪಂಡಿತನ ಹಿತೋಪದೇಶದಲ್ಲಾದರೋ ವ್ಯವಸ್ಥೆಯೇ ಬೇರೆ. ಉಜ್ಜಯಿನಿಯ ಮಾಧವನೆಂಬ ಬ್ರಾಹ್ಮಣನ ಹೆಂಡತಿಯು ಸ್ನಾನಕ್ಕೆ ಹೋಗಿರುವಾಗ ಅರಮನೆಯಿಂದ ಪಾರ್ವಣಶ್ರಾದ್ಧಕ್ಕೆ ಕರೆ ಬರುತ್ತದೆ. ಕೂಡಲೇ ಹೋಗದಿದ್ದರೆ ಆ ದಾನವನ್ನು ಮತ್ತೊಬ್ಬನು ಕೊಂಡುಹೋದಾನೆಂದು ಹುಟ್ಟುದರಿದ್ರನಾದ ಆ ಬ್ರಾಹ್ಮಣನು ತವಕಪಡುತ್ತಾನೆ. (ಪೌರೋಹಿತ್ಯದಿಂದ ಜೀವಿಸುವವರು ಈ ವಾಕ್ಯವನ್ನು ಓದಿ ನಗಲಾರರು.) ಬಹುಕಾಲದಿಂದ ಮಗನಂತೆ ಸಾಕಿದ ಮುಂಗುಸಿಯಿದೆ, ಅದೇ ಕಾಯಲಿ ಎಂದು ನಿಶ್ಚಯಿಸಿ ಹೋಗುತ್ತಾನೆ; ಹಿಂದಿರುಗಿ ಬಂದು, ಕಾಲಬುಡದಲ್ಲಿ ಹೊರಳಿದ ಅದನ್ನೇ ಕೊಲ್ಲುತ್ತಾನೆ. ನಂಬಿ ಕಾವಲಿಟ್ಟವನೇ ಕೊಂದವನು. ಕಾಲಬುಡದಲ್ಲಿ ಹೊರಳುವುದೇ ಆ ಮೂಕಪ್ರಾಣಿಯ ಭಾಷೆ. ಪ್ರತಿದಿನವೂ ಅದನ್ನು ಬಲ್ಲವನು ಅಂದೊಂದು ದಿನ ಅರಿಯದೆ ಹೋದನು. ಪೂರ್ಣಭದ್ರನ ಪಾಠಕ್ಕಿಂತ ಈ ಪಾಠವು ಮೇಲಾದುದೆಂದು ನಾನು ಹೇಳುವುದು ಈ ಕಾರಣದಿಂದಲೇ. ದೋಷವನ್ನು ಹೆಂಗಸಿನ ಅವಿಶ್ವಾಸಕ್ಕೆ ಕಟ್ಟಿದರೆ ಓದುವ ಗಂಡಸು ತಪ್ಪಿಸಿಕೊಳ್ಳುವನು. ಇಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಕೊಂದ ಮೇಲೇನಾಯಿತೆಂಬ ಪ್ರಶ್ನೆಯನ್ನು ತಮಿಳಿನ ಶಿಲಪ್ಪದಿಕಾರವು ಎತ್ತಿದೆ. ಮುಂಗುಸಿಯನ್ನು ಕೊಂದ ಹೆಂಡತಿಯ ಕೈಯಡುಗೆಯನ್ನು ಉಣ್ಣಲಾರೆನೆಂದು ಗಂಡನು ಉತ್ತರದೇಶಕ್ಕೆ ಹೊರಟುಹೋಗುತ್ತಾನೆ. ಹೋಗುವಾಗ ಸಂಸ್ಕೃತದಲ್ಲಿ ಬರೆದ ಓಲೆಯೊಂದನ್ನು ಅವಳ ಕೈಗೆ ಕೊಡುತ್ತಾನೆ. ಅವಳು ಅದನ್ನು ಹಿಡಿದು ಬೀದಿಬೀದಿ ಅಲೆಯುತ್ತಿರಲು ಕೋವಲನು ಅವಳ ಪಾಪಪರಿಹಾರಕ್ಕಾಗಿ ದಾನಮಾಡಿ, ಹಣವನ್ನೂ ಕೊಟ್ಟು ದಂಪತಿಗಳನ್ನು ಒಂದುಗೂಡಿಸುತ್ತಾನೆ. ಮನುಸ್ಮೃತಿಯ 11ನೆಯ ಅಧ್ಯಾಯದಲ್ಲಿ ಬೆಕ್ಕು ಕಪ್ಪೆ ನಾಯಿಗಳೊಡನೆ ಮುಂಗುಸಿಯ ವಧೆಗೂ ಪ್ರಾಯಶ್ಚಿತ್ತವು ವಿಹಿತವಾಗಿರುವುದನ್ನು ನೆನೆದರೆ, ತಮಿಳು ಕವಿಯು ಈ ಸಾವನ್ನು ಬರಿಯ ದೃಷ್ಟಾಂತವೆಂದೆಣಿಸದೆ ಕೊಲೆಯೆಂದೇ ಎಣಿಸಿದನೆಂದು ತೋರುತ್ತದೆ.

ನಮ್ಮ ದುರ್ಗಸಿಂಹನ ವಿಚಾರವನ್ನು ಇಲ್ಲಿ ಹೇಳಬೇಕು. ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಆಶ್ರಯದಲ್ಲಿ ಕ್ರಿ. ಶ. 1031ರ ಹೊತ್ತಿಗೆ ಅವನು ರಚಿಸಿದ ಕನ್ನಡ ಪಂಚತಂತ್ರವು ವಿಷ್ಣುಶರ್ಮನ ಪರಂಪರೆಯದಲ್ಲ, ವಸುಭಾಗನದು. ಅಲ್ಲಿ ಪ್ರಕರಣಗಳ ಕ್ರಮವು ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂದಿದೆ. ವಿಷ್ಣುಶರ್ಮನಲ್ಲಿ ಕೊನೆಯದಾದ ಮುಂಗುಸಿಯ ತಂತ್ರವು ಇಲ್ಲಿ ಎರಡನೆಯದು. ಸ್ಥಾನವು ಬದಲಾಗಿರುವುದು ಅಲ್ಪವಿಷಯವಲ್ಲ. ಚಾಡಿಯನ್ನು ಕೇಳಿ ಸಿಂಹವು ಎತ್ತನ್ನು ಕೊಂದ ಕಥೆಯು ಮುಗಿದೊಡನೆಯೇ, ಚಾಡಿ ಹೇಳುವವನೊಬ್ಬನೂ ಇಲ್ಲದೆ ನಡೆದ ಕೊಲೆಯು ಬರುತ್ತದೆ. ದಮನಕನಿಲ್ಲದಿದ್ದರೂ ಮನುಷ್ಯನ ಕಣ್ಣೇ ದಮನಕನ ಕೆಲಸವನ್ನು ಮಾಡುವುದು. ಹೆಸರನ್ನೂ ಗಮನಿಸಬೇಕು: ಸಂಸ್ಕೃತದ್ದು ದೋಷವನ್ನು ಹೇಳುವ ಅಪರೀಕ್ಷಿತಕಾರಕ; ಕನ್ನಡದ್ದು ಕರ್ತವ್ಯವನ್ನು ಹೇಳುವ ಪರೀಕ್ಷೆ.

ಕಥೆಯು ಪಹ್ಲವಿಗೆ ಹೋಗಿ, 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನ ಕೈಯಲ್ಲಿ ಅರಬ್ಬಿಯಾಗಿ, ಮುಂದೆ ಯುರೋಪವನ್ನು ಸೇರುವಷ್ಟರಲ್ಲಿ ಮುಂಗುಸಿಯು ನಾಯಿಯಾಯಿತು. ಫ್ರಾನ್ಸಿನ ಲಿಯೋನ್ ಪ್ರಾಂತದಲ್ಲಿ ಗಿನ್‌ಫೋರ್ ಎಂಬ ಬೇಟೆನಾಯಿಯನ್ನು ಜನರು 13ನೆಯ ಶತಮಾನದಲ್ಲಿ ಸಂತನೆಂದು ಪೂಜಿಸುತ್ತಿದ್ದರು. ವೇಲ್ಸಿನ ಬೆದ್‌ಗೆಲರ್ಟಿನಲ್ಲಿ ಗೆಲರ್ಟ್ ನಾಯಿಯ ಸಮಾಧಿಯನ್ನು ಇಂದಿಗೂ ತೋರಿಸುವರು. ಕೃತಜ್ಞತೆಯು ಹೆಚ್ಚಿತು, ಆದರೆ ಕಥೆಯ ಮರ್ಮವು ಸಡಿಲವಾಯಿತು. ನಾಯಿಯನ್ನು ಎಲ್ಲರೂ ನಂಬುವರು. ಮುಂಗುಸಿಯನ್ನು ನಂಬಬಹುದೋ ಬಾರದೋ ಎಂಬ ತೂಗಾಟದಲ್ಲಿಯೇ ಮೂಲದ ಜೀವವಿರುವುದು. 1894ರಲ್ಲಿ ಕಿಪ್ಲಿಂಗನು ರಿಕ್ಕಿ ಟಿಕ್ಕಿ ಟಾವಿ ಎಂಬ ಮುಂಗುಸಿಗೆ ಹೆಸರನ್ನೂ ಮಾತನ್ನೂ ನಾಯಕಪದವಿಯನ್ನೂ ಕೊಟ್ಟನು; 1975ರಲ್ಲಿ ಅದು ಚಲಿಸುವ ಚಿತ್ರವೂ ಆಯಿತು. ಹಾವುಗಳು ಸಾಯುವುವು, ಮನೆಯವರು ಕೊಂಡಾಡುವರು. ಸೊಗಸಾದ ಕಥೆಯೇ ಸರಿ. ಆದರೆ ಅಲ್ಲಿ ಮನುಷ್ಯನು ತಪ್ಪುವುದೇ ಇಲ್ಲವಾದ್ದರಿಂದ ಪರೀಕ್ಷೆಗೆ ಅವಕಾಶವೂ ಇಲ್ಲ.

ಮಕ್ಕಳು ಅಳುವರು, ಆದುದರಿಂದ ಮುಂಗುಸಿಯನ್ನು ಬದುಕಿಸಿಬಿಡಬೇಕೆಂದು ವಾದಿಸುವವರುಂಟು. ನನಗೆ ಒಪ್ಪಿಗೆಯಿಲ್ಲ. ಪೆರ್ಡೂರಿನ ಅನಂತಪದ್ಮನಾಭನ ಸನ್ನಿಧಿಯ ಸುತ್ತಿನ ನಮ್ಮ ತುಳುನಾಡಿನಲ್ಲಿ ಈ ಕಥೆಯನ್ನು ಕೇಳಿದ ಮಕ್ಕಳು ಮುಂಗುಸಿಗಾಗಿ ಅತ್ತು, ಬಳಿಕ ಮತ್ತೊಂದನ್ನೂ ಕೇಳುವುದುಂಟು: ಸತ್ತ ನಾಗನಿಗೆ ಸಂಸ್ಕಾರವನ್ನು ಯಾರು ಮಾಡಿದರು? ಬನದಲ್ಲಿ ನಾಗನಿಗೆ ತನು ಎರೆಯುವ ಮನೆಗಳ ಮಕ್ಕಳಿಗೆ ಈ ಪ್ರಶ್ನೆಯು ಸಹಜವಾದುದು. ವಿಷ್ಣುಶರ್ಮನಲ್ಲಾಗಲಿ ನಾರಾಯಣಪಂಡಿತನಲ್ಲಾಗಲಿ ಇದಕ್ಕೆ ಉತ್ತರವಿಲ್ಲ.